ಯಾವ ನೂರರಲ್ಲಿ ಎಷ್ಟು?

ಪದವಿ ತರಗತಿಯ ಕಿರು ಯೋಜನೆಗೆ, ಎನ್‌ಎಸ್‌ಎಸ್ ಶಿಬಿರಕ್ಕೆ, ಗ್ರಾಮ ಪಂಚಾಯಿತಿಯ ಯೋಜನೆ ತಯಾರಿಗೆ ಮನೆಮನೆ ತಿರುಗಿ ಪ್ರಶ್ನೆ ಕೇಳುವುದು ಇಂದು ಎಲ್ಲೆಡೆ ನಡೆಯುವ ಕೆಲಸ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅಂಥ ಪ್ರಶ್ನಾವಳಿ ಬರೆಯಲು ಕೂತವರು ನೀರಿನ ವಿಷಯ ಬಿಡುವಂತಿಲ್ಲ. ಭದ್ರಾ ಜಲಾಶಯ ಇರುವುದು ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ. ಪಕ್ಕದ ಕಡೂರು ಬರಪೀಡಿತ ತಾಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಕೊರೆದಿರುವುದು ಅಜ್ಜಂಪುರದ ಬಳಿ. ಹೀಗಿರುವಾಗ ‘ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ?’ ಎಂಬ ಸರಳ ಪ್ರಶ್ನೆಗೆ ಮೂರೂ ಕಡೆ ಮೂರು ಬಗೆಯ ಉತ್ತರ ಸಿಗುವುದು ಸಹಜ.

ಉತ್ತರಗಳು ಎಕ್ಸೆಲ್ ಹಾಳೆಗೆ ಸೇರುತ್ತವೆ, ವರದಿಯಲ್ಲಿ ಬಣ್ಣದ ವೃತ್ತವಾಗಿ ಹೊರಬರುತ್ತವೆ. ನಡುವೆ ಏನಾಗುತ್ತದೆ ಎಂಬುದರ ಬಗ್ಗೆ ತಜ್ಞರು ಬಹಳ ಕಾಲದಿಂದ ವಾದ ಮಾಡುತ್ತಲೇ ಇದ್ದಾರೆ. ಆ ವಾದ ಹೆಚ್ಚಾಗಿ ನಡೆದಿರುವುದು ವೃತ್ತ ಮೇಲೋ ಸ್ತಂಭ ಮೇಲೋ ಎಂಬ ಬಗ್ಗೆ. ಆದರೆ ಪೈ ಚಾರ್ಟ್ ಹೇಳುವುದು ಒಂದೇ ಮಾತು: ಇಡಿಯಲ್ಲಿ ಇದು ಇಷ್ಟು ಪಾಲು. ಆ ಇಡಿ ಯಾವುದು ಎಂಬುದನ್ನು ತೀರ್ಮಾನಿಸುವುದು ಚಿತ್ರವಲ್ಲ, ಹಾಳೆಯ ಸಾಲು ಮತ್ತು ಕಾಲಂಗಳು. ಈ ಲೇಖನ ಎರಡೂ ವಾದಗಳನ್ನು ಜೊತೆಗಿಟ್ಟು ನೋಡುತ್ತದೆ. ಎರಡನೆಯದೇ ಹೆಚ್ಚು ತೂಕದ್ದು ಎಂಬುದು ನನ್ನ ನಿಲುವು.

ವೃತ್ತ ಹುಟ್ಟಿದ ಬಗೆ

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ವ್ಯಾಪಾರದ ಅಂಕಿಗಳನ್ನು ಗೆರೆಗಳಾಗಿ, ಸ್ತಂಭಗಳಾಗಿ ಬರೆದು ತೋರಿಸಿದ. 1801ರಲ್ಲಿ ಪ್ರಕಟಿಸಿದ ಇನ್ನೊಂದು ಪುಸ್ತಕದಲ್ಲಿ ತುರ್ಕಿ ಸಾಮ್ರಾಜ್ಯವನ್ನು ಒಂದು ವೃತ್ತವಾಗಿಸಿ ಏಷ್ಯಾ, ಯೂರೋಪ್, ಆಫ್ರಿಕಾಗಳಲ್ಲಿದ್ದ ಅದರ ಭಾಗಗಳನ್ನು ಮೂರು ಹೋಳುಗಳಾಗಿ ಬಿಡಿಸಿ ಬೇರೆ ಬೇರೆ ಬಣ್ಣ ತುಂಬಿದ. ನಮಗೆ ತಿಳಿದಂತೆ ಮೊದಲ ಪೈ ಚಾರ್ಟ್ ಅದೇ. ಅಲ್ಲಿದ್ದದ್ದು ಮೂರೇ ಹೋಳು, ಆ ಮೂರೂ ಸೇರಿದರೆ ಸಿಗುತ್ತಿದ್ದದ್ದು ಒಂದು ನಿಜವಾದ ಇಡಿ. ದೊಡ್ಡ ದೇಶಕ್ಕೆ ದೊಡ್ಡ ವೃತ್ತ, ಸಣ್ಣ ದೇಶಕ್ಕೆ ಸಣ್ಣ ವೃತ್ತ ಎಂಬ ನಿಯಮವನ್ನೂ ಆತ ಅನುಸರಿಸಿದ್ದ. ಫ್ರಾನ್ಸಿನ ಇಂಜಿನಿಯರ್ ಷಾರ್ಲ್ ಮಿನಾರ್ 1858ರಲ್ಲಿ ಈ ವೃತ್ತಗಳನ್ನು ಭೂಪಟದ ಮೇಲಿಟ್ಟ. ಪ್ಯಾರಿಸ್ಸಿಗೆ ಯಾವ ಪ್ರಾಂತ್ಯದಿಂದ ಎಷ್ಟು ಮಾಂಸ, ಯಾವ ಯಾವ ಬಗೆಯದು ಬರುತ್ತದೆ ಎಂಬುದು ಅದರ ವಿಷಯ.

ನಮ್ಮ ಶಾಲೆಗಳಲ್ಲಿ ಇದು ಗಣಿತದ ಪಾಠವಾಗಿ ಬಂತು. ನೂರಕ್ಕೆ ಒಂದು ಎಂದರೆ 3.6 ಡಿಗ್ರಿ. ಕೈವಾರದಲ್ಲಿ ವೃತ್ತ ಎಳೆದು, ಕೋನಮಾಪಕ ಇಟ್ಟು ಹೋಳು ಮಾಡುವುದು. ಆ ಪಾಠದಲ್ಲಿ ಅಂಕಿಗಳ ಪಟ್ಟಿ ಸಿದ್ಧವಾಗಿಯೇ ಕೊಟ್ಟಿರುತ್ತಾರೆ. ಪಟ್ಟಿ ತಯಾರಾಗುವುದು ಹೇಗೆ ಎಂಬ ಭಾಗ ಪಠ್ಯದ ಹೊರಗೇ ಉಳಿಯಿತು. ಇಂದು ವಿದ್ಯಾರ್ಥಿಗಳು ಕಷ್ಟಪಡುವುದೂ ಸರಿಯಾಗಿ ಅಲ್ಲೇ.

ಚೀಟಿಯಿಂದ ಸಾಲಿಗೆ

ಆ ಮರೆತ ಭಾಗಕ್ಕೆ ನಮ್ಮ ದೇಶದಲ್ಲಿ ಒಳ್ಳೆಯ ಇತಿಹಾಸವಿದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಒಂದು ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಕರೆಸಿಕೊಳ್ಳುತ್ತಿದ್ದ ಪ್ರದೇಶಕ್ಕೆ ಸೇರಿದ್ದವು. ಮೈಸೂರು ಸೀಮೆಯಲ್ಲಿ 1871ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತ ಬಂತು. ಮೊದಮೊದಲು ಎಣಿಕೆಯ ಪುಸ್ತಕದಿಂದ ನೇರವಾಗಿ ದೊಡ್ಡ ತಖ್ತೆಗಳಿಗೆ ಗೀಟು ಹಾಕಿ ಕೂಡುತ್ತಿದ್ದರು. 1901ರ ಗಣತಿಯಲ್ಲಿ ಚೀಟಿ ಪದ್ಧತಿ ಬಂತು. ಒಬ್ಬ ಮನುಷ್ಯನಿಗೆ ಒಂದು ಚೀಟಿ; ಅದರ ಮೇಲೆ ಅವನ ವಿವರವೆಲ್ಲ. ಆ ಚೀಟಿಗಳನ್ನು ಒಮ್ಮೆ ಭಾಷೆಯ ಪ್ರಕಾರ, ಇನ್ನೊಮ್ಮೆ ಕಸುಬಿನ ಪ್ರಕಾರ ಗೂಡುಗಳಿಗೆ ಹಾಕಿ ಎಣಿಸಬಹುದಿತ್ತು. ಗೀಟು ಹಾಕಿದ ತಖ್ತೆಯನ್ನು ಹಾಗೆ ಮತ್ತೆ ವಿಂಗಡಿಸಲು ಬರುವುದಿಲ್ಲ.

ಇಂದಿನ ಸ್ಪ್ರೆಡ್‌ಶೀಟ್ ಚರ್ಚೆಯ ಬೇರು ಇದೇ ವ್ಯತ್ಯಾಸ. 1979ರಲ್ಲಿ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್ ಬಂದವು. ಇವೆಲ್ಲ ಮೂಲತಃ ಲೆಕ್ಕಪತ್ರದ ಹಾಳೆಗಳು. ಸಾಲಿನ ಕೊನೆಗೆ ಮೊತ್ತ, ಕಾಲಂನ ತಳದಲ್ಲಿ ಮೊತ್ತ ಎಂಬ ಖಾತೆಪುಸ್ತಕದ ರೂಢಿಯನ್ನೇ ಹೊತ್ತು ತಂದವು. ಸಮೀಕ್ಷೆಯ ಉತ್ತರಕ್ಕೆ ಬೇಕಾದದ್ದು ಚೀಟಿಯ ಶಿಸ್ತು. ಎಕ್ಸೆಲ್‌ನಲ್ಲಿ 1993ರ ಸುಮಾರಿಗೆ ಬಂದ ಪಿವಟ್ ಟೇಬಲ್ ಎರಡನ್ನೂ ಬೆಸೆಯಿತು. ಕಚ್ಚಾ ಸಾಲುಗಳನ್ನು ಮುಟ್ಟದೆ, ಬೇಕಾದ ಹಾಗೆ ಗೂಡು ಕಟ್ಟಿ ಎಣಿಸುವ ಸೌಲಭ್ಯ ಅದು.

ಹಾಳೆಯನ್ನು ಜೋಡಿಸುವ ಪಂಥಗಳು

ಮೊದಲನೆಯದನ್ನು ಕಚ್ಚಾ ಸಾಲಿನ ಪಂಥ ಎನ್ನಬಹುದು. ಒಂದು ಮನೆಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ, ಒಂದು ಸೆಲ್‌ಗೆ ಒಂದೇ ಸಂಗತಿ. ಹ್ಯಾಡ್ಲಿ ವಿಕಮ್ 2014ರಲ್ಲಿ ಈ ಶಿಸ್ತಿಗೆ ಶಾಸ್ತ್ರೀಯ ರೂಪ ಕೊಟ್ಟರು. 2018ರಲ್ಲಿ ಕಾರ್ಲ್ ಬ್ರೋಮನ್ ಮತ್ತು ಕಾರಾ ವೂ ಸ್ಪ್ರೆಡ್‌ಶೀಟ್ ಬಳಸುವವರಿಗಾಗಿ ಅದನ್ನೇ ಸರಳ ನಿಯಮಗಳಾಗಿ ಬರೆದರು: ಸೆಲ್‌ಗಳನ್ನು ವಿಲೀನ ಮಾಡಬೇಡಿ, ಬಣ್ಣ ಬಳಿದು ಮಾಹಿತಿ ಸೂಚಿಸಬೇಡಿ, ಮೂಲ ಕಡತದ ಮೇಲೆ ಲೆಕ್ಕ ಮಾಡಬೇಡಿ. ಪೈ ಚಾರ್ಟ್‌ಗೆ ಬೇಕಾದ ಎರಡು ಕಾಲಂಗಳ ಪುಟ್ಟ ಪಟ್ಟಿಯನ್ನು (ಒಂದರಲ್ಲಿ ಉತ್ತರದ ಹೆಸರು, ಇನ್ನೊಂದರಲ್ಲಿ ಎಣಿಕೆ) ಬೇರೊಂದು ಹಾಳೆಯಲ್ಲಿ ಕೌಂಟ್‌ಇಫ್ ಸೂತ್ರದಿಂದಲೋ ಪಿವಟ್‌ನಿಂದಲೋ ಪಡೆಯಬೇಕು ಎಂಬುದು ಇವರ ಮಾತು.

ಎರಡನೆಯದು ಕ್ರೋಢೀಕೃತ ಪಟ್ಟಿಯ ಪಂಥ. ಇದಕ್ಕೆ ಪುಸ್ತಕವಿಲ್ಲ, ರೂಢಿಯಿದೆ. ಹಳ್ಳಿವಾರು ಒಟ್ಟು ಸಂಖ್ಯೆಗಳು ನಮೂನೆಯಲ್ಲಿ ತುಂಬಿ ತಾಲೂಕಿಗೆ ಬರುತ್ತವೆ, ಅಲ್ಲಿ ಕೂಡಿಸಿ ಜಿಲ್ಲೆಗೆ ಹೋಗುತ್ತವೆ. ಪಟ್ಟಿ ಸಿದ್ಧವಿರುವುದರಿಂದ ವೃತ್ತ ಎರಡು ನಿಮಿಷದ ಕೆಲಸ. ಮೊದಲ ಪಂಥದವರು ಇದನ್ನು ಹಗುರಾಗಿ ಕಾಣುತ್ತಾರೆ, ಆದರೆ ಇದಕ್ಕೊಂದು ಗಟ್ಟಿಯಾದ ಸಮರ್ಥನೆಯಿದೆ. ಮೂವತ್ತು ಮನೆಯ ಹಳ್ಳಿಯಲ್ಲಿ ಮನೆಗೊಂದು ಸಾಲಿನ ಹಾಳೆ ಕೈಯಿಂದ ಕೈಗೆ ಹೋದರೆ, ಹೆಸರು ತೆಗೆದರೂ ಯಾರ ಮನೆ ಯಾವುದು ಎಂದು ಊರವರಿಗೆ ತಿಳಿದುಬಿಡುತ್ತದೆ. ಒಟ್ಟು ಸಂಖ್ಯೆಯಲ್ಲಿ ಆ ಮನೆಗಳ ಮಾನ ಉಳಿಯುತ್ತದೆ. ಕಳೆದುಕೊಳ್ಳುವುದು ಏನೆಂದರೆ, ‘ಟ್ಯಾಂಕರ್ ನೀರು ತರಿಸುವವರಲ್ಲಿ ಸ್ವಂತ ಜಮೀನಿಲ್ಲದವರು ಎಷ್ಟು?’ ಎಂಬಂಥ ಎರಡನೆಯ ಪ್ರಶ್ನೆಗೆ ಆ ಪಟ್ಟಿ ಎಂದಿಗೂ ಉತ್ತರಿಸಲಾರದು.

ಮೂರನೆಯದು ನನಗೆ ತುಂಬ ಗೌರವವಿರುವ ದಾರಿ. 1990ರ ಸುಮಾರಿಗೆ ಸಹಭಾಗಿತ್ವದ ಗ್ರಾಮ ಸಮೀಕ್ಷೆ, ಅಂದರೆ ಪಿಆರ್‌ಎ, ಕರ್ನಾಟಕದಲ್ಲಿ ಬೇರೂರಿತು. ಬೆಂಗಳೂರಿನ ಮೈರಾಡ ಅದನ್ನು ಬೆಳೆಸಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು, ರಾಬರ್ಟ್ ಚೇಂಬರ್ಸ್ ಅದನ್ನು ಜಗತ್ತಿಗೆ ಪರಿಚಯಿಸಿದವರು. ಅಲ್ಲಿ ಊರವರೇ ನೆಲದ ಮೇಲೆ ವೃತ್ತ ಎಳೆದು, ಬೀಜಗಳನ್ನು ಇಟ್ಟು, ಪಾಲು ಎಷ್ಟೆಂದು ತಮ್ಮತಮ್ಮಲ್ಲೇ ವಾದಿಸಿ ಗೆರೆ ಸರಿಪಡಿಸುತ್ತಾರೆ. ಹಾಳೆಯೇ ಇಲ್ಲದ ಪೈ ಚಾರ್ಟ್ ಇದು. ಎಣಿಕೆಯ ನಿಖರತೆ ಇದರಲ್ಲಿಲ್ಲ, ಮಾತು ಜೋರಾಗಿ ಆಡುವವರ ಕಡೆಗೆ ಹೋಳು ವಾಲುವ ಅಪಾಯವೂ ಇದೆ. ಆದರೆ ಇಡಿ ಎಂದರೆ ಏನು ಎಂಬ ಪ್ರಶ್ನೆ ಅಲ್ಲಿ ಎಲ್ಲರ ಎದುರಿಗೇ ಇತ್ಯರ್ಥವಾಗುತ್ತದೆ. ‘ವರ್ಷಪೂರ್ತಿಯ ನೀರೋ, ಬೇಸಿಗೆಯ ನೀರೋ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಕ್ಸೆಲ್ ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಒಂದಕ್ಕಿಂತ ಹೆಚ್ಚು ಉತ್ತರ

ಪೈ ಚಾರ್ಟ್‌ನ ಎಲ್ಲ ತೊಡಕುಗಳಲ್ಲಿ ದೊಡ್ಡದು ಇಲ್ಲಿದೆ. ಜನಗಣತಿಯ ಮನೆಪಟ್ಟಿಯಲ್ಲಿ ಕುಡಿಯುವ ನೀರಿನ ‘ಮುಖ್ಯ’ ಮೂಲ ಯಾವುದು ಎಂದು ಕೇಳುತ್ತಾರೆ. ಆ ‘ಮುಖ್ಯ’ ಎಂಬ ಮಾತು ಇರುವುದರಿಂದಲೇ ಒಂದು ಮನೆಗೆ ಒಂದೇ ಉತ್ತರ, ಎಲ್ಲ ಉತ್ತರ ಸೇರಿದರೆ ಎಲ್ಲ ಮನೆ. ವೃತ್ತ ಸರಿಹೊಂದುತ್ತದೆ. ಆದರೆ ಬಯಲುಸೀಮೆಯ ಮನೆಯೊಂದಕ್ಕೆ ನಲ್ಲಿಯೂ ಇರಬಹುದು, ತೋಟದ ಕೊಳವೆಬಾವಿಯೂ ಇರಬಹುದು, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ಕೂಡ ಬರಬಹುದು, ಏಪ್ರಿಲ್‌ನಲ್ಲಿ ಟ್ಯಾಂಕರೇ ಗತಿಯಾಗಬಹುದು. ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿ ಎಂದು ಕೇಳಿದರೆ ನಿಜಕ್ಕೆ ಹತ್ತಿರದ ಉತ್ತರ ಸಿಗುತ್ತದೆ, ವೃತ್ತ ಮಾತ್ರ ಮುರಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಕಡೂರಿನಲ್ಲಿ 150, ತರೀಕೆರೆಯಲ್ಲಿ 100, ಅಜ್ಜಂಪುರದಲ್ಲಿ 50, ಒಟ್ಟು 300 ಮನೆ. ಅವರು ಹಾಕಿದ ಗುರುತು 480. ಅದರಲ್ಲಿ ಕೊಳವೆಬಾವಿಗೆ 180. ಮನೆಗಳ ಲೆಕ್ಕದಲ್ಲಿ ಇದು ನೂರಕ್ಕೆ 60, ಗುರುತುಗಳ ಲೆಕ್ಕದಲ್ಲಿ ನೂರಕ್ಕೆ 37.5. ಪೈ ಚಾರ್ಟ್ ಬರೆದರೆ ಎರಡನೆಯದು ಮಾತ್ರ ಕಾಣುತ್ತದೆ, ಏಕೆಂದರೆ ಹೋಳುಗಳು ನೂರಕ್ಕೇ ಸೇರಬೇಕು. ‘ನೂರಕ್ಕೆ 37.5 ಮನೆಗಳು ಕೊಳವೆಬಾವಿ ಬಳಸುತ್ತವೆ’ ಎಂದು ಅದರ ಕೆಳಗೆ ಬರೆದರೆ ಅದು ಶುದ್ಧ ಸುಳ್ಳು.

ಗೂಗಲ್ ಫಾರ್ಮ್ ಇದನ್ನು ತನ್ನ ರೀತಿಯಲ್ಲಿ ಗುರುತಿಸಿದೆ. ಒಂದೇ ಆಯ್ಕೆಯ ಪ್ರಶ್ನೆಗೆ ತಾನಾಗಿಯೇ ವೃತ್ತ ಬರೆಯುತ್ತದೆ, ಹಲವು ಆಯ್ಕೆಯ ಪ್ರಶ್ನೆಗೆ ಸ್ತಂಭ. ತೊಂದರೆ ಶುರುವಾಗುವುದು ಉತ್ತರಗಳನ್ನು ಶೀಟ್‌ಗೆ ತಂದಾಗ. ಒಬ್ಬರ ಎಲ್ಲ ಆಯ್ಕೆಗಳೂ ಅಲ್ಪವಿರಾಮದೊಂದಿಗೆ ಒಂದೇ ಸೆಲ್‌ನಲ್ಲಿ ಕೂತಿರುತ್ತವೆ. ಆ ಕಾಲಂ ಆರಿಸಿ ಚಾರ್ಟ್ ಒತ್ತಿದರೆ ‘ನಲ್ಲಿ, ಕೊಳವೆಬಾವಿ’ ಒಂದು ಹೋಳು, ‘ನಲ್ಲಿ, ಟ್ಯಾಂಕರ್’ ಇನ್ನೊಂದು ಹೋಳು ಎಂದು ಹತ್ತಾರು ಚೂರುಗಳು ಬರುತ್ತವೆ.

ಪರಿಹಾರದ ಬಗ್ಗೆ ಮೂರು ಅಭಿಪ್ರಾಯಗಳಿವೆ. ಪ್ರತಿ ಆಯ್ಕೆಗೂ ಪ್ರತ್ಯೇಕ ಕಾಲಂ ಮಾಡಿ 1 ಅಥವಾ 0 ತುಂಬಿ, ಸ್ತಂಭನಕ್ಷೆ ಬರೆಯಿರಿ ಎನ್ನುವವರು ಹೆಚ್ಚು. ವೃತ್ತವೇ ಬೇಕೆಂದರೆ ಆಯ್ಕೆಗೊಂದು ವೃತ್ತ, ‘ಬಳಸುತ್ತಾರೆ, ಬಳಸುವುದಿಲ್ಲ’ ಎಂದು ಎರಡೇ ಹೋಳು ಎನ್ನುವವರು ಕೆಲವರು. ಜೋಡಿಗಳನ್ನೇ ಉಳಿಸಿಕೊಳ್ಳಿ ಎಂಬುದು ಮೂರನೆಯ ವಾದ: ‘ನಲ್ಲಿ ಮಾತ್ರ’, ‘ನಲ್ಲಿ ಮತ್ತು ಕ್ಯಾನ್’, ‘ಟ್ಯಾಂಕರ್ ಅವಲಂಬಿತ’ ಎಂದು ಒಂದಕ್ಕೊಂದು ಬೆರೆಯದ ನಾಲ್ಕೈದು ಗುಂಪು ಮಾಡಿದರೆ ಪ್ರತಿ ಮನೆಯೂ ಒಂದೇ ಗುಂಪಿಗೆ ಸೇರುತ್ತದೆ, ವೃತ್ತ ಮತ್ತೆ ನಿಜವಾಗುತ್ತದೆ. ನೀರಿನಂಥ ಪ್ರಶ್ನೆಗೆ ಈ ಮೂರನೆಯದೇ ಹೆಚ್ಚು ಹೇಳುತ್ತದೆ ಎನಿಸುತ್ತದೆ. ಗುಂಪು ಮಾಡುವವರು ಯಾವ ನಿಯಮದಿಂದ ಮಾಡಿದರು ಎಂದು ಬರೆದಿಡಬೇಕು, ಅಷ್ಟೆ.

ಕೌಂಟ್‌ಇಫ್ ಸೂತ್ರದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಆ ಉದ್ದ ಸೆಲ್‌ಗಳಲ್ಲೇ ಪದ ಹುಡುಕುವ ಅಡ್ಡದಾರಿ ಎಲ್ಲರಿಗೂ ಪ್ರಿಯ. ‘ಬಾವಿ’ ಎಂದು ಹುಡುಕಿದರೆ ಅದು ತೆರೆದ ಬಾವಿಯನ್ನೂ ಎಣಿಸುತ್ತದೆ, ಕೊಳವೆಬಾವಿಯನ್ನೂ ಎಣಿಸುತ್ತದೆ. ಸಾವಿರ ಅಡಿ ಕೊರೆದ ಮನೆ ಮತ್ತು ಅಜ್ಜನ ಕಾಲದ ಬಾವಿಯ ಮನೆ ಒಂದೇ ಹೋಳಿಗೆ ಬೀಳುತ್ತವೆ.

ಕನ್ನಡದ ಅಕ್ಷರ, ಕಂಪ್ಯೂಟರಿನ ಕಣ್ಣು

ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಒಂದು ಅಧ್ಯಾಯ ನಮ್ಮದೇ. ಉತ್ತರವನ್ನು ಟೈಪ್ ಮಾಡಲು ಬಿಟ್ಟರೆ ಬೋರ್‌ವೆಲ್, ಬೋರವೆಲ್, ಬೋರು, ಕೊಳವೆ ಬಾವಿ, ಕೊಳವೆಬಾವಿ ಎಲ್ಲವೂ ಬರುತ್ತವೆ. ತಾಲೂಕಿನ ಹೆಸರೇ ತರೀಕೆರೆ ಎಂದೂ ತರಿಕೆರೆ ಎಂದೂ ಬರುತ್ತದೆ. ಕಣ್ಣಿಗೆ ಕಾಣುವ ಈ ಭೇದಗಳನ್ನು ಸರಿಪಡಿಸಬಹುದು, ಕಾಣದವೇ ಕಷ್ಟ. ‘ಟ್ಯಾಂಕರ್’ ಪದದ ಕೊನೆಗೆ ಕೆಲವು ಕೀಲಿಮಣೆಗಳಲ್ಲಿ ಅಗೋಚರವಾದ ಒಂದು ಜೋಡಣೆ-ತಡೆ ಚಿಹ್ನೆ ಸೇರಿಕೊಳ್ಳುತ್ತದೆ. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಪಿವಟ್ ಟೇಬಲ್ ಎರಡು ಸಾಲು ಕೊಡುತ್ತದೆ. ಹೆಚ್ಚುವರಿ ಜಾಗ ಅಳಿಸುವ ಟ್ರಿಮ್ ಸೂತ್ರಕ್ಕೆ ಅದು ಸಿಗುವುದಿಲ್ಲ. ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇಡಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯ ಕಡತಗಳನ್ನು ಪರಿವರ್ತಿಸಿ ಸೇರಿಸಿದಾಗ ಇಂಥ ಬೆರಕೆ ಇದೆಯೇ ಎಂದು ನೋಡಲೇಬೇಕು.

ಇದಕ್ಕೆ ಹಳೆಯ ಪಂಥದ ಉತ್ತರ: ಪದ ಬೇಡ, ಕೋಡ್ ಹಾಕಿ. ನಲ್ಲಿಗೆ 1, ಕೊಳವೆಬಾವಿಗೆ 2. ಜನಗಣತಿಯೂ ಹಾಗೇ ಮಾಡುತ್ತದೆ. ಹೊಸ ಪಂಥದ ಉತ್ತರ: ಪದವೇ ಇರಲಿ, ಆದರೆ ಸಿದ್ಧ ಪಟ್ಟಿಯಿಂದ ಆರಿಸುವಂತಿರಲಿ, ಟೈಪ್ ಮಾಡುವಂತಿರಬಾರದು. ಕೋಡ್ ತಪ್ಪಾಗಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪದ ತಪ್ಪಾದರೆ ಕಣ್ಣಿಗೆ ಬೀಳುತ್ತದೆ ಎಂಬ ಅವರ ವಾದ ನನಗೆ ಒಪ್ಪಿಗೆ. ಹಾಗೆಂದು ‘ಇತರೆ’ ಎಂಬ ಖಾಲಿ ಜಾಗವನ್ನು ತೆಗೆಯಬಾರದು. ನಾವು ಊಹಿಸದ ಉತ್ತರ ಬರುವ ಬಾಗಿಲು ಅದೊಂದೇ.

ಖಾಲಿ ಸೆಲ್ ಮತ್ತು ಮೊತ್ತದ ಸಾಲು

ಎರಡು ಸಣ್ಣ ಕಾರಣಗಳಿಂದ ಬಹಳ ವೃತ್ತಗಳು ಕೆಟ್ಟಿವೆ. ಪಟ್ಟಿಯ ತಳದ ‘ಒಟ್ಟು’ ಸಾಲನ್ನೂ ಸೇರಿಸಿ ಆರಿಸಿದರೆ ಅದೂ ಒಂದು ಹೋಳಾಗಿ ಸರಿಯಾಗಿ ಅರ್ಧ ವೃತ್ತವನ್ನು ತಿನ್ನುತ್ತದೆ. ವೃತ್ತದ ಅರ್ಧ ಒಂದೇ ಬಣ್ಣವಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಹಾಗೆಯೇ ಮೂರು ತಾಲೂಕಿನ ಮೂರು ಕಾಲಂ ಒಟ್ಟಿಗೆ ಆರಿಸಿದರೆ ಎಕ್ಸೆಲ್‌ನ ಪೈ ಮೊದಲನೆಯದನ್ನು ಮಾತ್ರ ಬರೆಯುತ್ತದೆ. ಕಡೂರಿನ ಚಿತ್ರಕ್ಕೆ ಮೂರೂ ತಾಲೂಕಿನ ಶೀರ್ಷಿಕೆ ಅಂಟಿಕೊಳ್ಳುತ್ತದೆ.

ಖಾಲಿ ಉತ್ತರದ ವಿಷಯ ಇನ್ನೂ ಸೂಕ್ಷ್ಮ. 300 ಮನೆಯಲ್ಲಿ 60 ಮನೆಯವರು ಉತ್ತರಿಸಲಿಲ್ಲ, 120 ಮನೆಯವರು ‘ಹೌದು’ ಎಂದರು ಎಂದುಕೊಳ್ಳಿ. ಉತ್ತರಿಸಿದವರಲ್ಲಿ ಅದು ಅರ್ಧ, ಎಲ್ಲ ಮನೆಗಳಲ್ಲಿ ನೂರಕ್ಕೆ 40. ಪಿವಟ್ ಟೇಬಲ್‌ನಲ್ಲಿ ಅದೇ ಪ್ರಶ್ನೆಯ ಕಾಲಂ ಅನ್ನು ಎಣಿಕೆಗೂ ಹಾಕಿದರೆ ಖಾಲಿ ಮನೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಎಣಿಕೆಗೆ ಕ್ರಮಸಂಖ್ಯೆಯ ಕಾಲಂ ಹಾಕಿದರೆ ಉಳಿಯುತ್ತವೆ. ‘ಗೊತ್ತಿಲ್ಲ’ ಎಂದವರೂ ಬಾಯಿ ಬಿಡದವರೂ ಒಂದೇ ಅಲ್ಲ ಎಂದು ಒಂದು ಪಂಥ, ಓದುಗರಿಗೆ ಗೊಂದಲ ಬೇಡ ಎಂದು ಇನ್ನೊಂದು. ಮೌನವೂ ಉತ್ತರವೇ ಎಂದು ನಂಬುವವನು ನಾನು. ಬೂದು ಬಣ್ಣದ ಒಂದು ಹೋಳಿಗೆ ಅಲ್ಲಿ ಜಾಗ ಇರಲೇಬೇಕು.

ವೃತ್ತವೋ ಸ್ತಂಭವೋ

ಇನ್ನು ಪ್ರಸಿದ್ಧ ಜಗಳಕ್ಕೆ ಬರೋಣ. ಅಮೆರಿಕದ ವಿಲ್ಲರ್ಡ್ ಬ್ರಿಂಟನ್ 1914ರಲ್ಲೇ ವೃತ್ತದ ವಿರುದ್ಧ ಬರೆದಿದ್ದರು. 1926ರಲ್ಲಿ ವಾಲ್ಟರ್ ಈಲ್ಸ್ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ, ಪಾಲು ಅಂದಾಜಿಸಲು ವೃತ್ತವೇ ವಾಸಿ ಎಂದರು. ಮರುವರ್ಷವೇ ಬೇರೆಯವರ ಪ್ರಯೋಗಗಳು ಬಂದು ವಿಷಯ ಅಷ್ಟು ಸುಲಭವಲ್ಲ ಎಂದವು. 1983ರಲ್ಲಿ ಎಡ್ವರ್ಡ್ ಟಫ್ಟೆ ಪೈ ಚಾರ್ಟ್‌ಗಿಂತ ಅಂಕಿಪಟ್ಟಿಯೇ ಮೇಲು ಎಂದು ಖಡಾಖಂಡಿತವಾಗಿ ಬರೆದರು. 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಮಾಡಿದ ಪ್ರಯೋಗಗಳು ಒಂದೇ ತಳದ ಮೇಲೆ ನಿಂತ ಉದ್ದಗಳನ್ನು ಹೋಲಿಸುವಷ್ಟು ಸರಿಯಾಗಿ ಕಣ್ಣು ಕೋನಗಳನ್ನು ಹೋಲಿಸಲಾರದು ಎಂದು ತೋರಿಸಿದವು. ವಿರೋಧಿಗಳ ಬತ್ತಳಿಕೆಯಲ್ಲಿ ಇಂದಿಗೂ ಇದೇ ಮುಖ್ಯ ಬಾಣ.

ಆದರೆ 1987ರಲ್ಲಿ ಸಿಮ್ಕಿನ್ ಮತ್ತು ಹೇಸ್ಟಿ ಕೇಳಿದ ಪ್ರಶ್ನೆ ಬೇರೆ. ‘ಈ ಎರಡರಲ್ಲಿ ಯಾವುದು ದೊಡ್ಡದು?’ ಎಂಬ ಪ್ರಶ್ನೆಯಲ್ಲಿ ವೃತ್ತ ಸೋಲಬಹುದು. ‘ಇಡಿಯಲ್ಲಿ ಇದು ಎಷ್ಟು ಪಾಲು?’ ಎಂದಾಗ ಅದು ಹಿಂದೆ ಬೀಳಲಿಲ್ಲ. ಇಯಾನ್ ಸ್ಪೆನ್ಸ್ ಮತ್ತು ಲೆವಾಂಡೋಸ್ಕಿ 1991ರಲ್ಲಿ, ಎರಡು ಹೋಳು ಸೇರಿಸಿ ಇನ್ನೆರಡರೊಂದಿಗೆ ಹೋಲಿಸುವಾಗಲೂ ವೃತ್ತ ಕೆಲಸಕ್ಕೆ ಬರುತ್ತದೆ ಎಂದು ಕಂಡರು. ಹೀಗಾಗಿ ‘ಊರಿನ ಕಾಲುಭಾಗ ಮನೆಗೆ ಟ್ಯಾಂಕರ್ ನೀರು’ ಎಂದು ಗ್ರಾಮಸಭೆಯಲ್ಲಿ ತೋರಿಸಬೇಕಾದರೆ ವೃತ್ತ ಸಾಕು. ಟ್ಯಾಂಕರ್‌ಗೂ ಕ್ಯಾನ್‌ಗೂ ನೂರಕ್ಕೆ ಎರಡರ ಅಂತರ ತೋರಿಸಬೇಕಾದರೆ ಸ್ತಂಭ ಬೇಕು. ‘ತುಂಬ ತೃಪ್ತಿ’ಯಿಂದ ‘ತುಂಬ ಅತೃಪ್ತಿ’ಯವರೆಗಿನ ಮೆಟ್ಟಿಲು ಉತ್ತರಗಳಿಗೂ ಉದ್ದನೆಯ ಪಟ್ಟಿಯೇ ಸರಿ, ವೃತ್ತದಲ್ಲಿ ಆ ಎರಡು ತುದಿಗಳು ಅಕ್ಕಪಕ್ಕ ಬಂದು ಕೂರುತ್ತವೆ. ಓರೆಯಾಗಿ ಮಲಗಿದ ಮೂರು ಆಯಾಮದ ವೃತ್ತವನ್ನು ಮಾತ್ರ ಯಾವ ಪಂಥವೂ ಸಮರ್ಥಿಸುವುದಿಲ್ಲ. ಅದರಲ್ಲಿ ಮುಂಭಾಗದ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಕಣ್ಣು ವೃತ್ತವನ್ನು ಓದುವುದು ಹೇಗೆ ಎಂಬುದೇ ಇನ್ನೂ ಪೂರ್ತಿ ತಿಳಿದಿಲ್ಲ. ಕೋನದಿಂದ ಎಂದು ದಶಕಗಳ ಕಾಲ ನಂಬಲಾಗಿತ್ತು. 2016ರಲ್ಲಿ ಡ್ರೂ ಸ್ಕಾ ಮತ್ತು ರಾಬರ್ಟ್ ಕೊಸಾರಾ ನಡು ಖಾಲಿಯಿರುವ ವೃತ್ತಗಳನ್ನೂ ಇಟ್ಟು ಪರೀಕ್ಷಿಸಿ, ಕೋನದ ಪಾತ್ರ ಅಷ್ಟೇನೂ ಇಲ್ಲ, ಕಂಸದ ಉದ್ದ ಅಥವಾ ವಿಸ್ತೀರ್ಣವೇ ಮುಖ್ಯವಿರಬಹುದು ಎಂದರು. ಹಾಗಾದರೆ ಕೋನದ ಮೇಲೆ ಕಟ್ಟಿದ ಹಳೆಯ ಆಕ್ಷೇಪ ಎಷ್ಟು ಉಳಿಯುತ್ತದೆ ಎಂಬುದು ತೆರೆದ ಪ್ರಶ್ನೆ.

ಅಕ್ಕಪಕ್ಕ ಇಡುವ ಮೂರು ತಾಲೂಕಿನ ಮೂರು ವೃತ್ತಗಳ ಗಾತ್ರ ಏನಿರಬೇಕು? ಪ್ಲೇಫೇರ್ ಮತ್ತು ಮಿನಾರ್ ದಾರಿಯಲ್ಲಿ ಹೋದರೆ ಗಾತ್ರ ಮೊತ್ತಕ್ಕೆ ತಕ್ಕಂತೆ. ಆದರೆ ಯಾವ ಮೊತ್ತ, ಭೇಟಿ ಕೊಟ್ಟ 50 ಮನೆಯೋ, ತಾಲೂಕಿನ ಎಲ್ಲ ಮನೆಯೋ? ಮೂರನ್ನೂ ಸೇರಿಸಿ ಒಂದೇ ವೃತ್ತ ಮಾಡುವಾಗ ಕಡೂರಿನ 150 ಮನೆ ಅಜ್ಜಂಪುರದ 50ನ್ನು ಮುಳುಗಿಸದಂತೆ ತೂಕ ಕೊಡಬೇಕೇ, ಕೊಟ್ಟರೆ ಹಾಳೆಯಲ್ಲಿ ಅದನ್ನು ಎಲ್ಲಿ ಬರೆದಿಡಬೇಕು ಎಂಬ ಬಗ್ಗೆ ಸಂಖ್ಯಾಶಾಸ್ತ್ರಜ್ಞರಿಗೂ ವರದಿ ಬರೆಯುವವರಿಗೂ ಒಮ್ಮತವಿಲ್ಲ.

ಕಾಲದ ಪ್ರಶ್ನೆ ಇದಕ್ಕಿಂತ ತೊಡಕಿನದು. 2011ರ ಜನಗಣತಿಯ ಹೊತ್ತಿಗೆ ಅಜ್ಜಂಪುರ ತಾಲೂಕಾಗಿರಲಿಲ್ಲ, ತರೀಕೆರೆಯ ಒಳಗಿತ್ತು. ಆ ವರ್ಷದ ‘ತರೀಕೆರೆ ತಾಲೂಕು’ ಎಂಬ ವೃತ್ತದಲ್ಲಿ ಮಲೆನಾಡಿನ ಅಂಚಿನ ಲಕ್ಕವಳ್ಳಿಯೂ ಇದೆ, ಬಯಲಿನ ಅಜ್ಜಂಪುರವೂ ಇದೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಪ್ರಕಟವಾಗಿದೆ. ಅದರಲ್ಲಿ ಅಜ್ಜಂಪುರಕ್ಕೆ ಮೊದಲ ಸಲ ತನ್ನದೇ ಸಾಲು ಸಿಗಲಿದೆ. ಎರಡು ತರೀಕೆರೆಗಳನ್ನು ಅಕ್ಕಪಕ್ಕ ಇಟ್ಟರೆ ಬದಲಾವಣೆ ಕಾಣುತ್ತದೆ, ಆದರೆ ಅದರಲ್ಲಿ ಜನರ ಬದುಕು ಬದಲಾದದ್ದು ಎಷ್ಟು, ಗಡಿ ಬದಲಾದದ್ದು ಎಷ್ಟು ಎಂದು ಬೇರ್ಪಡಿಸಲಾಗದು. 2011ರ ಹಳ್ಳಿವಾರು ಅಂಕಿಗಳನ್ನು ತೆಗೆದು, ಇಂದಿನ ಗಡಿಗೆ ತಕ್ಕಂತೆ ಮತ್ತೆ ಕೂಡಿಸಿದರೆ ಹಳೆಯ ಅಜ್ಜಂಪುರವನ್ನು ಹಾಳೆಯ ಮೇಲೆ ಕಟ್ಟಬಹುದು. ಹಳ್ಳಿಯ ಸಾಲು ಉಳಿದಿರುವ ಪ್ರಶ್ನೆಗಳಿಗೆ ಅದು ಸಾಧ್ಯ. ತಾಲೂಕಿನ ಮೊತ್ತ ಮಾತ್ರ ಉಳಿಸಿಕೊಂಡು ಹಳ್ಳಿವಾರು ಹಾಳೆಯನ್ನು ಎಲ್ಲೋ ಕಳೆದುಕೊಂಡ ಸಮೀಕ್ಷೆಗಳನ್ನು ಏನು ಮಾಡಬೇಕು, ಅವುಗಳ ವೃತ್ತಗಳನ್ನು ಹೊಸ ತಾಲೂಕಿನ ಯಾವ ವರದಿಯಲ್ಲಿ ಯಾವ ಹೆಸರಿನಲ್ಲಿ ಬಳಸಬೇಕು ಎಂಬುದಕ್ಕೆ ಇದುವರೆಗೆ ಯಾವ ಪಂಥದ ಬಳಿಯೂ ಉತ್ತರವಿಲ್ಲ.